ಮ್ಯಾಂಗ್ ಮೇಷ್ಟ್ರು ದೊಡ್ಡವರಾಗಲು ಹೊರಟದ್ದು

ತೇಗು ನಗರದ ಮ್ಯಾಂಗ್ ದಕ್ಸು ಮೇಷ್ಟ್ರ ತಲೆ ಪೂರ್ತಿ ಬೆಳ್ಳಗಾಗಿತ್ತು. ಸುರಂಗ ರೈಲಿನಲ್ಲಿ ಹಿರಿಯರೆಂದು ಟಿಕೆಟ್ಟು ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ ಹುಡುಗಿಯರು ಎದ್ದು ಜಾಗ ಬಿಡುತ್ತಿದ್ದರು. ಇಷ್ಟಾದರೂ ಅವರು ವಯಸ್ಕರೆಂಬುದು ಕಾನೂನಿಗೆ ಮಾತ್ರ ಖಾತ್ರಿಯಾಗಲೊಲ್ಲದು.

ಆದದ್ದಿಷ್ಟು. ಮೇಷ್ಟ್ರು ಜೀವಮಾನವಿಡೀ ಹೈಸ್ಕೂಲಿನಲ್ಲಿ ನೀತಿಪಾಠ ಹೇಳಿದವರು. ಅವರ ಜೊತೆ ಬೆಟ್ಟ ಹತ್ತುವ ಗೆಳೆಯರಿಗೆ ಈಚೆಗೆ ಒಂದೇ ಮಾತು: ದೊಡ್ಡವರಿಗೆ ಮಾತ್ರ ಎಂದು ಹಣೆಪಟ್ಟಿ ಹಚ್ಚಿದ ಜಾಲತಾಣವೊಂದರ ಚಿತ್ರಕಥೆ, ಕಿರಿರಾಣಿ ಮತ್ತು ಸೇನಾಪತಿಯದು.

"ಮೇಷ್ಟ್ರ ಮುಂದೆ ಬೇಡ್ರಪ್ಪ. ಪಾಪ, ಕೆಟ್ಟುಹೋಗ್ತಾರೆ" ಎಂದ ಗೆಳೆಯ ಕಿಲ್‌ಯಂಗ್.

ಆ "ಪಾಪ" ಮೇಷ್ಟ್ರಿಗೆ ಚುಚ್ಚಿತು.

ಹೆಂಡತಿ ಬೊಂಗ್‌ಸಿಮ್ ಕಿಮ್ಚಿ ಉಪ್ಪಿನಕಾಯಿಗೆ ಕೋಸು ತರಲು ಹೋದ ಹೊತ್ತು ನೋಡಿ ಫೋನು ಹಿಡಿದು ಕೂತರು. ದೊಡ್ಡವರೆಂಬ ಖಾತ್ರಿಗೆ ಜಾಲತಾಣ ಕೇಳಿದ್ದು ಹೆಸರು, ಹುಟ್ಟಿದ ದಿನ, ಸ್ವಂತ ಹೆಸರಿನಲ್ಲಿರುವ ಫೋನಿನ ನಂಬರು. ಮೂರೂ ತಾಳೆಯಾದರೆ ಬಾಗಿಲು ತೆರೆಯುವುದು. ಬರೆದರು. ಇಂಥವರು ಯಾರೂ ಇಲ್ಲ ಎಂದಿತು ಫೋನು. ಕನ್ನಡಕ ಒರೆಸಿಕೊಂಡು ಮತ್ತೆ ಬರೆದರು. ಮತ್ತೂ ಇಲ್ಲ. ಗುರುತಿನ ಚೀಟಿ ತಂದು ಪರದೆಯ ಮುಂದೆ ಹಿಡಿದರು (ಫೋನು ಕಣ್ಣೆತ್ತಿಯೂ ನೋಡಲಿಲ್ಲ).

ಆಗ ನೆನಪಾಯಿತು. ಮನೆಮಂದಿಯ ಫೋನನ್ನೆಲ್ಲ ಒಟ್ಟಿಗೆ ಮಾಡಿಸಿದರೆ ರಿಯಾಯಿತಿಯೆಂದು ಬೊಂಗ್‌ಸಿಮ್ ಎಲ್ಲವನ್ನೂ ತನ್ನ ಹೆಸರಿನಲ್ಲೇ ತೆಗೆದುಕೊಂಡಿದ್ದಳು. ಕಾನೂನಿನ ಕಣ್ಣಿಗೆ ಮೇಷ್ಟ್ರ ಜೇಬಿನಲ್ಲಿ ಇದ್ದವಳು ಹೆಂಡತಿಯೇ.

"ಹೇರಿನ್ ಅಮ್ಮ, ಈ ಫೋನು ನನ್ನ ಹೆಸರಿಗೆ ಮಾಡಿಸಿದ್ರೆ ಹೇಗೆ?" ಎಂದು ಆ ಸಂಜೆ ಮಗಳ ಹೆಸರು ಹಿಡಿದು ಮೆತ್ತಗೆ ಕೇಳಿದರು.

"ಯಾಕ್ರೀ, ಈಗ ಅದಕ್ಕೇನಾಯ್ತು?"

"ಏನಿಲ್ಲ. ಮನುಷ್ಯ ಅಂದ್ಮೇಲೆ ತನ್ನ ಹೆಸರಲ್ಲಿ ಒಂದಾದ್ರೂ ಇರ್ಬೇಕಲ್ಲ."

"ಮಂಡಿನೋವು ಇದೆಯಲ್ಲ, ಸಾಕು."

ಹೆಚ್ಚು ಕೆದಕಿದರೆ ಕಾರಣ ಹೇಳಬೇಕು. ಹೇಳಿದರೆ ನೀತಿಪಾಠದ ಮೇಷ್ಟ್ರ ಮಾನ ಅಡುಗೆಮನೆಯಲ್ಲೇ ಹೋಗುತ್ತದೆ.

ಮರುದಿನ ಬೊಂಗ್‌ಸಿಮ್ ಓಣಿಯ ಹೆಂಗಸರೊಡನೆ ಬಿಸಿನೀರಿನ ಸಾರ್ವಜನಿಕ ಸ್ನಾನಗೃಹಕ್ಕೆ ಹೋದಳು. ಮೇಷ್ಟ್ರು ಘೋರ ನಿರ್ಧಾರಕ್ಕೆ ಬಂದರು: ತಾವೇ ಬೊಂಗ್‌ಸಿಮ್ ಆಗುವುದು. ಅವಳ ಹೆಸರು ಬರೆದರು. ಹುಟ್ಟಿದ ದಿನಕ್ಕೆ ತಡವರಿಸಿದರು; ಮನೆಯಲ್ಲಿ ಆಚರಿಸುವುದು ಚಾಂದ್ರಮಾನದ್ದು, ಸರ್ಕಾರದ ಲೆಕ್ಕದ್ದು ಬೇರೆ. ಕೊನೆಗೂ ನೆನಪಾಯಿತು. ಗುಟ್ಟಿನ ಅಂಕಿ ಅವರ ಫೋನಿಗೇ ಬಂತು. ಅದನ್ನು ಒತ್ತಿದರು. ಬಾಗಿಲು ತೆರೆಯಿತು.

"ಮತ್ತೆ ಸ್ವಾಗತ, ಬೊಂಗ್‌ಸಿಮ್ ಅವರೇ. ನೀವು ನಮ್ಮ ಹಳೆಯ ಸದಸ್ಯರು. ಕಿರಿರಾಣಿಯ ಕಥೆಯನ್ನು ಬಿಟ್ಟಲ್ಲಿಂದ ಮುಂದುವರಿಸುವಿರಾ?"

ಮೇಷ್ಟ್ರು ಎದ್ದು ಮನೆಯ ಬಾಗಿಲಿಗೆ ಚಿಲಕ ಹಾಕಿ ಬಂದರು. ಆಮೇಲೆ, ಹೆಂಡತಿ ಓದುವುದು ಎಂಥದ್ದೆಂದು ತಿಳಿಯುವುದು ಗಂಡನ ಧರ್ಮವೆಂದು ಮುಂದುವರಿಸಿದರು. ಧರ್ಮ ಊಟದ ಹೊತ್ತಿನವರೆಗೂ ನಡೆಯಿತು.

ಊಟಕ್ಕೆ ಕೂತಾಗಲೂ ಹೆಂಡತಿಯನ್ನು ಕೇಳುವಂತಿಲ್ಲ, ಕೇಳಿದರೆ ಗೊತ್ತಾದದ್ದು ಹೇಗೆಂದು ಹೇಳಬೇಕು. ತಲೆ ತಗ್ಗಿಸಿ ಸಾರು ಕುಡಿಯುತ್ತಿದ್ದರು. ಬೊಂಗ್‌ಸಿಮ್ ಇನ್ನೊಂದು ಸೌಟು ಬಡಿಸಿದಳು.

"ಹೇರಿನ್ ಅಪ್ಪ."

"ಹ್ಞಾಂ."

"ನನ್ನ ಖಾತೆನ ಬೇರೆ ಫೋನಲ್ಲಿ ಯಾರೋ ತೆಗೆದಿದ್ದಾರೆ ಅಂತ ನನಗೆ ಸಂದೇಶ ಬಂತು. ಸ್ನಾನಗೃಹದಲ್ಲಿ, ಅಷ್ಟೂ ಹೆಂಗಸರ ಮುಂದೆ. ನಂಬರು ನೋಡಿ ಕಿಲ್‌ಯಂಗ್ ಹೆಂಡ್ತಿನೇ ಹೇಳಿದ್ಳು, ಇದು ಮೇಷ್ಟ್ರದಲ್ವಾ ಅಂತ."

ಮೇಷ್ಟ್ರು ಬಟ್ಟಲನ್ನೇ ಎತ್ತಿ ಮುಖಕ್ಕೆ ಅಡ್ಡ ಹಿಡಿದು ಸಾರು ಹೀರಿದರು.

"ಓದಿದ್ದಕ್ಕೆ ಬೇಜಾರಿಲ್ಲ ರೀ. ನಾನು ಬಿಟ್ಟ ಜಾಗ ದಾಟಿಸಿಬಿಟ್ಟಿದ್ದೀರಿ. ಸೇನಾಪತಿನ ಎಲ್ಲಿ ಅಂತ ಹುಡುಕಲಿ ಈಗ?" ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚಿದಳು. "ನಾಳೆ ಅಂಗಡಿಗೆ ಬನ್ನಿ, ಫೋನು ನಿಮ್ಮ ಹೆಸರಿಗೇ ಮಾಡಿಸೋಣ. ನೀವೂ ದೊಡ್ಡವರಾದ್ರಿ."