ದರ್ಜಿ ಹಿಜಾಮನ ಮೂರು ಪೆಟ್ಟಿಗೆ ಗುಂಡು

ದರ್ಜಿ ಹಿಜಾಮ ಒಂದು ಗಾದೆ ಕಟ್ಟಿದ್ದ: "ಚಿನ್ನ ಕಳ್ಳನ ಪಾಲು, ಹಸು ರೋಗದ ಪಾಲು, ಗುಂಡು ಮಾತ್ರ ಇಟ್ಟವನ ಪಾಲು." ಅಳತೆ ಕೊಡಲು ಬಂದವರಿಗೂ ಸರಿ, ದಾರಿ ಕೇಳಲು ನಿಂತವರಿಗೂ ಸರಿ, ಇದನ್ನು ಹೇಳದೆ ಕಳಿಸುತ್ತಿರಲಿಲ್ಲ. ಅಮ್ರಾನಿನ ಬೆಟ್ಟಗಳಲ್ಲಿ ಬಂದೂಕಿಲ್ಲದ ಮನೆಯಿಲ್ಲ, ಗಾಳಿಗೆ ಗುಂಡು ಹಾರಿಸದ ಮದುವೆಯಿಲ್ಲ. ಅಂದಮೇಲೆ ಗುಂಡಿನ ಬೆಲೆ ಇಳಿಯುವುದುಂಟೇ? ಈ ಲೆಕ್ಕಾಚಾರದ ಮೇಲೆ ಹೆಂಡತಿ ಘಾಲಿಯಾಳ ಬಂಗಾರದ ಬಳೆ ಮಾರಿ ಮೂರು ಪೆಟ್ಟಿಗೆ ಗುಂಡು ತಂದು ಹಾಸಿಗೆಯ ಪಕ್ಕ ಪೇರಿಸಿದ್ದ. ಅವನಾದರೋ ಸೂಜಿ ಬಿಟ್ಟು ಬೇರೇನನ್ನೂ ಯಾರಿಗೂ ಚುಚ್ಚಿದವನಲ್ಲ.

ಅಂದು ಬೆಳಿಗ್ಗೆ ಘಾಲಿಯಾ ಖಾಲಿ ಹಾಲಿನ ಚೆಂಬನ್ನು ಪೆಟ್ಟಿಗೆಯ ಮೇಲೆ ಕುಕ್ಕಿದಳು.

"ಅಯ್ಮನ್ ಅಪ್ಪಾ, ಮಗೂಗೆ ಪುಡಿ ಹಾಲು ಕಲಸಿ ಕಲಸಿ ಸಾಕಾಯ್ತು. ನನ್ನ ಬಳೆ ಹೋಯ್ತು, ಹೋಗ್ಲಿ. ಇವತ್ತು ಸಂಜೆ ಒಳಗೆ ನನಗೆ ಹಸು ಬೇಕು. ಇಲ್ಲಾಂದ್ರೆ ಮಗೂನ ಕರ್ಕೊಂಡು ತವರಿಗೆ ಹೋಗ್ತೀನಿ. ನೀನು ನಿನ್ನ ಪೆಟ್ಟಿಗೆ ಜೊತೆ ಸಂಸಾರ ಮಾಡ್ಕೋ."

ಹಿಜಾಮ ಮೀಸೆ ಮೇಲೆ ಕೈಯಾಡಿಸಿದ. "ಇವತ್ತಿಗೋಸ್ಕರಾನೇ ಕಾಯ್ತಿದ್ದೆ ಕಣೇ! ಕೆಳಗಿನ ಕಣಿವೇಲಿ ಶೇಖ್ ಮುತ್ತಹರ್ ಮಗನ ಮದುವೆ. ಸಂತೇಲಿ ಒಂದು ಗುಂಡೂ ಉಳಿದಿಲ್ಲವಂತೆ. ಕೇಳಿದಷ್ಟು ಕೊಡ್ತಾರೆ. ಸಂಜೆ ನಿನ್ನ ಅಂಗಳದಲ್ಲಿ ಅಂಬಾ ಅನ್ನದಿದ್ರೆ ನಾನು ದರ್ಜೀನೇ ಅಲ್ಲ."

ಊರ ಗಂಡಸರೆಲ್ಲ ಮದುವೆಗೆ ಹೊರಟಿದ್ದು ನೆರೆಮನೆ ದಬ್ವಾನನ ಪಿಕಪ್‌ನಲ್ಲಿ. ಬಾಡಿಗೆ ಉಳಿಯಿತೆಂದು ಹಿಜಾಮ ತನ್ನ ಪೆಟ್ಟಿಗೆಗಳನ್ನೂ ಅದರಲ್ಲೇ ಹೇರಿದ. ತಪ್ಪಿದ್ದು ಅಲ್ಲೇ. ದಬ್ವಾನ್ ಒಳ್ಳೆಯವನು, ಆದರೆ ಅವನ ಉಪಕಾರ ತಡೆದುಕೊಳ್ಳಲು ಗಟ್ಟಿ ಎದೆ ಬೇಕು.

ಶೇಖ್‌ನ ಮನೆಯ ಮುಂದೆ ಪಿಕಪ್ ನಿಂತಿತು. ಹಿತ್ತಲಿಗೆ ಹೋಗಿ ಶೇಖ್‌ನ ಲೆಕ್ಕದವನನ್ನು ಕಂಡು, ಗುಟ್ಟಾಗಿ ವ್ಯಾಪಾರ ಮುಗಿಸುವುದು ಹಿಜಾಮನ ಯೋಜನೆ. ಒಂದು ಪೆಟ್ಟಿಗೆ ಎಳೆದುಕೊಂಡು ನಾಲ್ಕು ಹೆಜ್ಜೆ ಹೋಗಿರಲಿಲ್ಲ, ದಬ್ವಾನ್ ಅಡ್ಡ ಬಂದ.

"ಹಿಂಬಾಗಿಲಿಗೆ ಯಾಕಯ್ಯಾ? ನಾವೇನು ಕಳ್ಳರಾ?" ಎಂದವನೇ ಉಳಿದೆರಡು ಪೆಟ್ಟಿಗೆ ಹೆಗಲಿಗೇರಿಸಿ ಮುಂಬಾಗಿಲಿಗೆ ನಡೆದುಬಿಟ್ಟ. ಹಿಜಾಮ ತನ್ನ ಪೆಟ್ಟಿಗೆ ಎಳೆದುಕೊಂಡು ಹಿಂದೆ ಓಡಿದ.

ಮುಂಬಾಗಿಲಲ್ಲಿ ಉಡುಗೊರೆ ಕೂಗುವವನು ನಿಂತಿದ್ದ. ಯಾವ ಊರಿನವರು ಏನು ತಂದರೆಂದು ಕಣಿವೆಗೆಲ್ಲ ಕೇಳುವಂತೆ ಸಾರುವುದು ಅವನ ಕೆಲಸ. ಆಗ ತಾನೇ ಯಾರೋ ತಂದ ಟಗರೊಂದನ್ನು ಬೇಸರದಿಂದ ಕೂಗಿ ಮುಗಿಸಿದ್ದವನ ಕಣ್ಣು ಪೆಟ್ಟಿಗೆಗಳ ಮೇಲೆ ಬಿತ್ತು. ಅವು ಯಾರವೆಂದು ದಬ್ವಾನ್ ಅವನ ಕಿವಿಗೆ ಹಾಕಿದ.

"ಕೇಳ್ರಪ್ಪಾ ಕೇಳಿ! ಬೈತ್ ಸರ್ಹಾನಿನ ದರ್ಜಿ ಹಿಜಾಮ! ಮದುಮಗನಿಗೆ ಮೂರು ಪೆಟ್ಟಿಗೆ ಗುಂಡು! ದೇವರು ಅವನ ಮನೆ ಬೆಳಗಲಿ!"

ಕಣಿವೆಯೇ ಹೋ ಎಂದಿತು. "ಅದು ಮಾರೋಕೆ..." ಎಂದು ಹಿಜಾಮ ಬಾಯಿ ತೆರೆದ. ಅಷ್ಟರಲ್ಲಿ ಅವನ ಊರಿನ ಮುದುಕನೊಬ್ಬ ಕಣ್ಣೀರು ಒರೆಸಿಕೊಳ್ಳುತ್ತ ಅವನನ್ನು ತಬ್ಬಿಕೊಂಡ. "ಮಗನೇ, ನಮ್ಮೂರಿನ ಮಾನ ಉಳಿಸಿದೆ. ನಾವೆಲ್ಲ ಬರೀ ಒಣದ್ರಾಕ್ಷಿ ತಂದಿದ್ವಿ."

ಇನ್ನು ಮಾತಾಡುವುದೇನು? ಹಿಜಾಮನ ಬಾಯಿ ತಾನಾಗಿ ಮುಚ್ಚಿತು, ಎದೆ ತಾನಾಗಿ ಉಬ್ಬಿತು. ಹುಟ್ಟಿದಾಗಿನಿಂದ ಯಾರೂ ಅವನ ಹೆಸರನ್ನು ಅಷ್ಟು ಗಟ್ಟಿಯಾಗಿ ಕೂಗಿರಲಿಲ್ಲ. ಅವನಿಗೆ ನಿಜವಾಗಿಯೂ ಸಂತೋಷವಾಯಿತು.

ಶೇಖ್‌ನ ಕಡೆಯವರು ಅಲ್ಲೇ ಪೆಟ್ಟಿಗೆ ಒಡೆದು ಗಾಳಿಗೆ ಗುಂಡು ಹಾರಿಸತೊಡಗಿದರು. ಮೊದಲ ಸುತ್ತಿನಲ್ಲಿ ಹಿಜಾಮನ ಕನಸಿನ ಹಸುವಿನ ಕೊಂಬು ಹೋಯಿತು, ಎರಡನೆಯದರಲ್ಲಿ ಬಾಲ ಹೋಯಿತು, ಕೆಚ್ಚಲು ಹೋದಾಗ ಅವನು ಕಣ್ಣು ಮುಚ್ಚಿಕೊಂಡ. ಜನ ಅದನ್ನು ವಿನಯವೆಂದುಕೊಂಡರು.

ಊಟಕ್ಕೆ ಶೇಖ್ ಮುತ್ತಹರ್ ಅವನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಜೇನು ಸುರಿದ ರೊಟ್ಟಿಯ ಮೊದಲ ತುಂಡು ಹಿಜಾಮನಿಗೆ, ಮಾಂಸದ ಒಳ್ಳೆಯ ಭಾಗ ಹಿಜಾಮನಿಗೆ. ಕಣ್ಣ ಮುಂದೆ ಮಾತ್ರ ಘಾಲಿಯಾಳ ಖಾಲಿ ಚೆಂಬು.

"ಹಿಜಾಮ," ಎಂದ ಶೇಖ್, "ನನ್ನ ಮಾನ ಹೆಚ್ಚಿಸಿದವನನ್ನು ಬರಿಗೈಲಿ ಕಳಿಸಿದ್ರೆ ಕಣಿವೆ ನಗುತ್ತೆ. ಅಗೋ ನೋಡು, ಬೀಗರು ತಂದ ಹಸು. ಕರೆಯೋ ಹಸು. ಹೊಡ್ಕೊಂಡು ಹೋಗು."

ಅಂಗಳದಲ್ಲಿ ಬಿಳಿ ಹಣೆಯ ಹಸು ಮೆಲುಕು ಹಾಕುತ್ತಿತ್ತು. ದೇವರು ದೊಡ್ಡವನು! ಆದರೆ ಕೊಟ್ಟ ತಕ್ಷಣ ಕೈ ಚಾಚಿದರೆ ದೊಡ್ಡಮನುಷ್ಯರ ಸಾಲಿನಲ್ಲಿ ಕೂತು ಏನು ಬಂತು? ಮೂರು ಸಲ ಬೇಡವೆಂದು ಆಮೇಲೆ ಒಪ್ಪುವುದು ಮರ್ಯಾದೆ.

"ಅಯ್ಯೋ, ಬೇಡಿ ಶೇಖ್ ಸಾಹೇಬ್ರೇ," ಎಂದು ಹಿಜಾಮ ಮೊದಲನೆಯ ಸಲ ಹೇಳಿದ.

ಎರಡನೆಯದಕ್ಕೆ ಅವಕಾಶವೇ ಸಿಗಲಿಲ್ಲ. ದಬ್ವಾನ್ ಬಾಯಿಯ ರೊಟ್ಟಿ ನುಂಗಿ ಮುಂದೆ ಬಾಗಿದ. "ಸಂಕೋಚದ ಮನುಷ್ಯ, ಬಾಯಿ ಬಿಟ್ಟು ಹೇಳೋಲ್ಲ. ಹಸು ಕಂಡ್ರೆ ಇವನಿಗೆ ಆಗೋದಿಲ್ಲ. 'ಹಸು ರೋಗದ ಪಾಲು, ಗುಂಡು ಮಾತ್ರ ಇಟ್ಟವನ ಪಾಲು' ಅಂತ ಊರಿಗೆಲ್ಲ ಪಾಠ ಹೇಳ್ತಾನೆ. ಕೊಡೋದಾದ್ರೆ ಗುಂಡೇ ಕೊಡಿ."

"ಹೌದೇನು?" ಶೇಖ್‌ನ ಕಣ್ಣು ಅರಳಿತು. "ಇವನು ಗಂಡಸು! ಯಾರಲ್ಲಿ, ಸಂತೆಯಿಂದ ಬಾಚಿ ತಂದದ್ರಲ್ಲಿ ಆರು ಪೆಟ್ಟಿಗೆ ತನ್ನಿ! ಹಿಜಾಮ, ಜೋಪಾನವಾಗಿಟ್ಕೋ. ನನಗೆ ಇನ್ನೂ ನಾಲ್ಕು ಗಂಡುಮಕ್ಕಳಿದ್ದಾರೆ, ಅವರ ಮದುವೆಗಳಿಗೆ ಹೀಗೇ ತಗೊಂಡು ಬಾ. ನಾನು ಕೊಟ್ಟಿದ್ದನ್ನ ನೀನು ಮಾರ್ಕೊಳ್ಳೋ ಪೈಕಿ ಅಲ್ಲ, ನನಗೆ ಗೊತ್ತು." ಆಮೇಲೆ ದಬ್ವಾನನ ಬೆನ್ನು ತಟ್ಟಿದ. "ಗೆಳೆಯನ ಮನಸ್ಸು ಬಲ್ಲವನು ನೀನು. ಹಸು ನೀನೇ ಹೊಡ್ಕೊಂಡು ಹೋಗು."

ಹಿಜಾಮ ನಕ್ಕ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನು ಹೇಗೆ ನಗಬಹುದೋ ಹಾಗೆ.

ಸಂಜೆ ಪಿಕಪ್ ಬೈತ್ ಸರ್ಹಾನಿಗೆ ಏರುತ್ತಿದ್ದಂತೆ ಹಿಂದುಗಡೆಯಿಂದ ಅಂಬಾ ಎಂಬ ಸದ್ದು ಓಣಿಗೆಲ್ಲ ಕೇಳಿತು. ಘಾಲಿಯಾ ಚೆಂಬು ಹಿಡಿದು ಓಡಿಬಂದಳು. ನೆರೆಹೊರೆಯ ಹೆಂಗಸರ ಮುಂದೆ ತಲೆಯೆತ್ತಿ, "ನನ್ನ ಗಂಡ ಮಾತು ಕೊಟ್ರೆ ಮುಗೀತು," ಎಂದಳು. ಅವಳ ಮುಖದಲ್ಲಿ ಅಂಥ ಹೆಮ್ಮೆಯನ್ನು ಹಿಜಾಮ ಮದುವೆಯಾದಾಗಿನಿಂದ ನೋಡಿರಲಿಲ್ಲ.

ಹಸು ಇಳಿಯಿತು. ದಬ್ವಾನ್ ಹಗ್ಗ ಹಿಡಿದು ಅದನ್ನು ತನ್ನ ಮನೆಗೆ ನಡೆಸಿಕೊಂಡು ಹೋದ. ಹಿಂದೆ ಉಳಿದದ್ದು ಆರು ಪೆಟ್ಟಿಗೆ, ಅವುಗಳ ಪಕ್ಕದಲ್ಲಿ ಹಿಜಾಮ.

ಅವನು ನಡೆದದ್ದನ್ನೆಲ್ಲ ಹೇಳಿದ. ತನ್ನ ಹೆಸರು ಕಣಿವೆಯಲ್ಲಿ ಮೊಳಗಿದ್ದನ್ನು ಎರಡು ಸಲ ಹೇಳಿದ.

"ಆದ್ರೂ ನೋಡೇ ಅಯ್ಮನ್ ಅಮ್ಮ," ಹಿಜಾಮ ಕೊನೆಗೆ ಮೀಸೆ ಮೇಲೆ ಕೈಯಿಟ್ಟ, "ಮೂರು ಕೊಟ್ಟೆ, ಆರು ಬಂತು. ನಾನು ಹೇಳಿರಲಿಲ್ವಾ, ಗುಂಡಿಗೆ ಹಾಕಿದ ದುಡ್ಡು ಎರಡರಷ್ಟಾಗುತ್ತೆ ಅಂತ?"

ಘಾಲಿಯಾ ಚೆಂಬನ್ನು ಅವನ ಕೈಗಿಟ್ಟು, ಪೆಟ್ಟಿಗೆಗಳನ್ನು ತೋರಿಸಿದಳು.

"ಕೂತ್ಕೋ. ಮಗು ಏಳೋದ್ರೊಳಗೆ ಹಾಲು ಕರೆದು ಕೊಡು."