ಟರ್ಬೊ ರಿಂಗು ಮತ್ತು ಮೊದಲ ಬಳೆ

ಬೆಳಿಗ್ಗೆಯೇ ಕೊಟ್ರೇಶಿ ಅಂಗಳದಲ್ಲಿ ತನ್ನ ಹೊಸ ಯಂತ್ರಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದ. ಕೆಳಗೆ ಹಳೇ ಗ್ರೈಂಡರಿನ ಮೋಟಾರು, ಮೇಲೆ ಟಿ.ವಿ. ಡಿಶ್ಶು. ಹೆಂಡತಿ ಪಂಕಜಾಕ್ಷಿ ರೇಷ್ಮೆ ಸೀರೆ ಉಟ್ಟು, ಹಸಿರು ಬಳೆಗಳ ಡಬ್ಬಿ ಮಡಿಲಲ್ಲಿಟ್ಟುಕೊಂಡು, ಮುಖ ಊದಿಸಿ ಕೂತಿದ್ದಳು.

ಊದಿಸದೆ ಏನು ಮಾಡಿಯಾಳು? ಹನ್ನೊಂದಕ್ಕೆ ಹರಿಹರದಲ್ಲಿ ತಂಗಿ ಶಕ್ಕುವಿನ ಸೀಮಂತ. ಅವರ ಮನೆತನದಲ್ಲಿ ಮೊದಲ ಬಳೆ ತೊಡಿಸುವವಳು ಅಕ್ಕನೇ. ದಾವಣಗೆರೆಯಿಂದ ಹೋಗಬೇಕಾದ ಕಾರಿನ ಟರ್ಬೊ ಐದು ದಿನದಿಂದ ಊಟದ ತಟ್ಟೆಯಲ್ಲಿ ಬಿಚ್ಚಿಕೊಂಡು ಬಿದ್ದಿತ್ತು! ಎಂಜಿನ್ನಿಗೆ ಗಾಳಿ ಊದುವ ಆ ಬಸವನಹುಳುವಿನಂಥ ಡಬ್ಬದೊಳಗೆ ಸವೆದದ್ದು ಪುಟ್ಟ ರಿಂಗು ಒಂದೇ. ಕೊಟ್ರೇಶಿ ಗುಜರಿ ಸುತ್ತಿದ, ಲೇತ್ ಅಂಗಡಿ ಸುತ್ತಿದ. ಇಡೀ ಟರ್ಬೊ ಕೊಳ್ಳಿ, ಬರೀ ರಿಂಗು ಸಿಗದು ಎಂದರು. ಬಸ್ಸಿಗೆ ಹೋಗುತ್ತೇನೆಂದು ಪಂಕಜಾಕ್ಷಿ ಅಂದರೆ ಅವನಿಗೆ ಅವಮಾನ.

"ಈ ಯಂತ್ರಕ್ಕ ಸವೆದ ರಿಂಗು ತೋರಿಸಿದ್ರೆ ಸಾಕು. ಇದರ ಆಕಾರದ್ದು ಊರಾಗ ಎಲ್ಲಿದ್ರೂ ಓಡಿ ಬರ್ತೈತಿ" ಎಂದು ಗುಂಡಿ ಒತ್ತಿದ.

ಓಡಿ ಬಂತು. ಮೊದಲು ಬೇಕರಿಯ ಕೋಡುಬಳೆ, ಹಿಂದೆ ಕುಕ್ಕರುಗಳ ಗ್ಯಾಸ್ಕೆಟ್ಟು, ಆಮೇಲೆ ಕಾಲುಂಗುರ ಎಳೆದ ಕಡೆಗೆ ಒಂಟಿಕಾಲಲ್ಲಿ ಕುಪ್ಪಳಿಸುತ್ತ ಪಕ್ಕದ ಮನೆ ರುದ್ರಮ್ಮ. ಅಂಗಳದ ಕಾರೂ ನಾಲ್ಕು ಚಕ್ರ ಉರುಳಿಸಿ ಬಂದು ಯಂತ್ರಕ್ಕೆ ಮೂತಿ ತಾಗಿಸಿತು. ಐದು ದಿನದಲ್ಲಿ ಅದು ಅಲ್ಲಾಡಿದ್ದು ಅದೇ ಮೊದಲು!

ಆಕಾರ ಹೇಳಿ ಅಳತೆ ಹೇಳಲು ಮರೆತೆನೆಂದು ಕೊಟ್ರೇಶಿಗೆ ಹೊಳೆಯಿತು. ಗಡಿಬಿಡಿಯಲ್ಲಿ ಅಳತೆಯ ತಿರುಪು ಬಿಟ್ಟು ಎಷ್ಟು ದೂರದಿಂದ ಎಳೆಯಬೇಕೆಂಬ ತಿರುಪನ್ನು ಪೂರ್ತಿ ತಿರುಗಿಸಿದ. ಪಂಕಜಾಕ್ಷಿಯ ಡಬ್ಬಿ ಪಟ್ಟನೆ ತೆರೆದು ಹಸಿರು ಬಳೆಗಳೆಲ್ಲ ಹಾರಿ ಡಿಶ್ಶಿಗೆ ಅಂಟಿದವು. ಗಡಿಯಾರ ನೋಡಿದಳು, ಹನ್ನೊಂದಕ್ಕೆ ಹತ್ತೇ ನಿಮಿಷ. ತಂಗಿಯ ಕೈಗೆ ಇನ್ಯಾರೋ ಮೊದಲ ಬಳೆ ಇಡುತ್ತಾರಲ್ಲ ಎಂದು ಅವಳಿಗೆ ಅಳುವೇ ಬಂತು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಒಂದು ಟೆಂಪೊ ಕಾಣಿಸಿತು. ಎಂಜಿನ್ನು ನಿಂತಿದೆ, ಡ್ರೈವರ್ ಕೈಮುಗಿದು ಕೂತಿದ್ದಾನೆ, ಗಾಡಿ ಹಿಮ್ಮುಖವಾಗಿ ಬರುತ್ತಿದೆ! ಮನೆಯಿಂದ ಕಲ್ಯಾಣಮಂಟಪಕ್ಕೆ ಹೊರಟಿದ್ದ ಸೀಮಂತದ ಬಳಗವನ್ನು ಅದರ ಚಕ್ರಗಳೇ ಹರಿಹರದಿಂದ ಎಳೆದು ತಂದಿದ್ದವು. ಒಳಗೆ ಬೀಗರು, ಹೂವಿನ ಬುಟ್ಟಿ, ನಡುವೆ ಶಕ್ಕು ದಾರಿಯಲ್ಲಿ ಹಾರುತ್ತಿದ್ದ ಕೋಡುಬಳೆಯೊಂದನ್ನು ಹಿಡಿದು ತಿನ್ನುತ್ತಿದ್ದಳು.

ಪಂಕಜಾಕ್ಷಿ ಪ್ಲಗ್ ಕಿತ್ತಳು. ಡಿಶ್ಶಿನಿಂದ ಬಳೆಯೊಂದನ್ನು ಬಿಡಿಸಿ, ಸರಿಯಾಗಿ ಹನ್ನೊಂದಕ್ಕೆ ತಂಗಿಯ ಕೈಗೆ ತೊಡಿಸಿದಳು.

ಸಂಜೆಯವರೆಗೂ ಕೊಟ್ರೇಶಿ ರಾಶಿ ಕೆದಕಿದ. ಎರಡೂರಿನ ಗುಂಡನೆಯ ಸಾಮಾನೆಲ್ಲ ಇತ್ತು, ಟರ್ಬೊದ ರಿಂಗು ಇರಲಿಲ್ಲ. ಕಾರನ್ನು ನಾಳೆಯೇ ಗ್ಯಾರೇಜಿಗೆ ಕೊಡುತ್ತೇನೆಂದು ತಲೆ ತಗ್ಗಿಸಿದ.

"ಏನೂ ಬ್ಯಾಡ್ರಿ" ಎಂದಳು ಪಂಕಜಾಕ್ಷಿ. "ಮುಂದೆ ತೊಟ್ಟಿಲ ಕಾರ್ಯ ಐತಿ. ಅಲ್ಲೀತನಕ ಕಾರು ಹಿಂಗೇ ಇರ್ಲಿ."