ನಾನು ಎಳೆದ ಎಂಟು ಬಿಳಿ ಗೆರೆಗಳು

ರಸ್ತೆ ದಾಟುವುದು ಹೇಗೆಂಬುದನ್ನು ಶಾಸ್ತ್ರೋಕ್ತವಾಗಿ ಬಲ್ಲವನು ಹೊಸನಗರ ತಾಲ್ಲೂಕಿನಲ್ಲಿ ನಾನೊಬ್ಬನೇ ಎಂದು ಆ ವರ್ಷ ನನಗೆ ಖಾತ್ರಿಯಾಗಿತ್ತು. ಶಿವಮೊಗ್ಗದಲ್ಲಿ ಮೂರು ದಿನದ ಶಿಕ್ಷಕರ ಶಿಬಿರ ಮುಗಿಸಿ ಬಂದಿದ್ದೆ. ಅಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ಬೋರ್ಡಿನ ಮೇಲೆ ರಸ್ತೆ ಬರೆದು, ಅದಕ್ಕೆ ಬಿಳಿ ಪಟ್ಟಿ ಎಳೆದು, ಜನ ಆ ಪಟ್ಟಿಯ ಮೇಲೆಯೇ ದಾಟಬೇಕು, ಬಸ್ಸಿನವರು ಅದನ್ನು ಕಂಡು ನಿಧಾನಿಸಬೇಕು ಎಂದು ವಿವರಿಸಿದ್ದರು. ನಾನು ಎಲ್ಲವನ್ನೂ ಬರೆದುಕೊಂಡು ಅಡಿಗೆರೆ ಹಾಕಿದ್ದೆ. ಇನ್ನು ಪ್ರಯೋಗವೊಂದೇ ಬಾಕಿ!

ನನ್ನ ಶಾಲೆಯಿದ್ದದ್ದು ಹೊಸನಗರದಿಂದ ನಗರವೆಂಬ ಊರಿಗೆ ಹೋಗುವ ಮಣ್ಣುರಸ್ತೆಯ ತಿರುವಿನಲ್ಲಿ. ವಾಹನವೆಂದರೆ ಬೆಳಿಗ್ಗೆ ಹೋಗಿ ಸಂಜೆ ತಿರುಗಿ ಬರುವ ಒಂದು ಬಸ್ಸು. ಅಪಾಯಕ್ಕೆ ಅದೊಂದೇ ಸಾಕಾಗಿತ್ತು. ಅದು ನಮ್ಮಲ್ಲಿ ನಿಲ್ಲುತ್ತಿರಲಿಲ್ಲ. ಎರಡು ಫರ್ಲಾಂಗು ಮುಂದೆ ಮೋರಿಯ ಹತ್ತಿರ ನಿಲ್ಲುತ್ತಿತ್ತು. ಓಡುವ ಬಸ್ಸಿನ ಜೊತೆ ಓಡಿ ಅದರ ಮೈ ಮುಟ್ಟಿ ಬರುವುದು ನಮ್ಮ ಮಕ್ಕಳಿಗೆ ದೊಡ್ಡ ಪರಾಕ್ರಮ. ಹಿಂದಿನ ತಿಂಗಳು ಎರಡನೇ ಕ್ಲಾಸಿನ ನಾಗವೇಣಿ ಹಾಗೆ ಓಡಿ ಬಿದ್ದಳು. ಚಕ್ರ ಅವಳ ಜಡೆಯ ಪಕ್ಕದಲ್ಲೇ ಹಾದುಹೋಯಿತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಇದಲ್ಲದೆ ಸ್ವಂತದ್ದೊಂದು ಕಾರಣವೂ ಇತ್ತು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆದರೆ ಸಾಗರದ ನನ್ನ ಮಾವನವರು ಖಾಯಂ ಮೇಷ್ಟ್ರೆಂದು ನಂಬಿಯೇ ಮಗಳನ್ನು ಕೊಟ್ಟಿದ್ದರು. ನಾನು ಸುಳ್ಳು ಹೇಳಿರಲಿಲ್ಲ, ಸ್ವಲ್ಪ ಮುಂಚಿತವಾಗಿ ಹೇಳಿದ್ದೆ ಅಷ್ಟೆ. ಹೆಂಡತಿ ಸಾವಿತ್ರಿಗೆ ನಿಜ ಗೊತ್ತಾಗಿತ್ತು. ದೀಪಾವಳಿಗೆ ಮಾವನ ಮನೆಗೆ ಹೋಗುವಷ್ಟರಲ್ಲಿ ಈ ಸುಳ್ಳನ್ನು ನಿಜ ಮಾಡಿಬಿಡಿ ಎಂದು ಅವಳು ದಿನಕ್ಕೆರಡು ಸಲ ಜ್ಞಾಪಿಸುತ್ತಿದ್ದಳು. ಶಾಲಾ ಇನ್‌ಸ್ಪೆಕ್ಟರು ಬಂದು ಎರಡು ಒಳ್ಳೆಯ ಮಾತು ಬರೆದು ಹೋದರೆ ಸಾಕಿತ್ತು.

ಅವರು ಗುರುವಾರ ಬೆಳಗಿನ ಬಸ್ಸಿಗೆ ಬರುವುದಾಗಿ ಕಾಗದ ಬಂತು. ನಾನು ಕೂಡಲೇ ಯೋಜನೆ ಹಾಕಿದೆ. ಮಕ್ಕಳೆಲ್ಲ ಬಿಳಿ ಪಟ್ಟಿಯ ಬಳಿ ಸಾಲಾಗಿ, ಅಲುಗಾಡದೆ ನಿಂತಿರಬೇಕು. ಬಸ್ಸು ನಿಧಾನವಾಗಿ ಹಾದುಹೋಗಬೇಕು. ಇನ್‌ಸ್ಪೆಕ್ಟರು ಕಿಟಕಿಯಿಂದ ನೋಡಿ ಬೆರಗಾಗಬೇಕು.

ಹಬ್ಬಕ್ಕೆ ಗೋಡೆ ಬಳಿಯಲು ಸಾವಿತ್ರಿ ನೆನೆಸಿಟ್ಟಿದ್ದ ಸುಣ್ಣವನ್ನು ಬುಧವಾರ ಸಂಜೆಯ ಬಸ್ಸು ಹೋದ ಮೇಲೆ ಎತ್ತಿಕೊಂಡು ಹೊರಟೆ.

"ಗೋಡೆಗೆ ಹೊಡೀರಿ ಅಂದ್ರೆ ಸೊಂಟ ನೋವು ಅಂತೀರಿ, ರಸ್ತೆಗೆ ಹೊಡ್ಯಕ್ಕೆ ಎಲ್ಲಿಂದ ಬಂತು ಶಕ್ತಿ?" ಎಂದಳು.

ಸಾರ್ವಜನಿಕ ಹಿತದ ಬಗ್ಗೆ ಹೆಂಗಸರ ಜೊತೆ ಚರ್ಚೆ ಮಾಡಬಾರದೆಂದು ನಾನು ಬೇಗಬೇಗ ಮೆಟ್ಟಿಲಿಳಿದೆ.

ಎಂಟು ಪಟ್ಟಿಗಳು ಲಕ್ಷಣವಾಗಿ ಮೂಡಿದವು. ಹುಲ್ಲುಹೊರೆ ಹೊತ್ತ ಹೆಂಗಸರು ಬಂದರು, ಗೆರೆಗಳನ್ನು ಕಂಡರು, ಚರಂಡಿಗಿಳಿದು ಸುತ್ತಿಕೊಂಡು ಹೋದರು. ಪಕ್ಕದ ಮನೆಯ ತಿಮ್ಮಪ್ಪಗೌಡರು ಎತ್ತುಗಳ ಸಮೇತ ಗದ್ದೆಗೇ ಇಳಿದರು. ಇದರ ಮೇಲೆ ನಡೆಯಿರಿ ಎಂದು ನಾನು ಅಂಗಲಾಚಿದೆ.

"ರಂಗೋಲಿ ತುಳಿಯೋದಾ ಮೇಷ್ಟ್ರೇ? ನಂಗೂ ಮಕ್ಕಳು ಮರಿ ಇದಾವೆ" ಎಂದರು ಗೌಡರು.

ಇಡೀ ರಸ್ತೆಯಲ್ಲಿ ಜನ ದಾಟಲೇಬೇಕಾದ ಜಾಗವೊಂದಿತ್ತು. ಅದೊಂದನ್ನು ಬಿಟ್ಟು ಬೇರೆಲ್ಲ ಕಡೆ ದಾಟಿದರು.

ಗುರುವಾರ ಬೆಳಿಗ್ಗೆ ಮಕ್ಕಳಿಗೆ ತಾಲೀಮು ಕೊಟ್ಟೆ. ಅವು ನನ್ನ ಮಾತು ಮೀರುವ ಮಕ್ಕಳಲ್ಲ, ತುಳಿದವು. ಆದರೆ ಮನೆಯಲ್ಲಿ ಕಲಿತದ್ದನ್ನೂ ಬಿಡಲಿಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ ಮಾಡುವಂತೆ ಪ್ರತಿಯೊಂದು ಗೆರೆ ತುಳಿದ ಮೇಲೂ ಬಗ್ಗಿ, ಅದನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡವು. ಎಂಟು ಗೆರೆಗೆ ಎಂಟು ಸಲ! ಒಂದು ಮಗು ರಸ್ತೆ ದಾಟುವಷ್ಟರಲ್ಲಿ ನಾನು ಹಾಜರಿ ಕರೆದು ಮುಗಿಸಬಹುದಿತ್ತು. ಅಷ್ಟರಲ್ಲಿ ಬಸ್ಸಿನ ಸದ್ದು ಕೇಳಿತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ.

ಡ್ರೈವರ್ ಬಾಬಣ್ಣ ಧೈರ್ಯವಂತನೇ. ಆದರೆ ಮಹಾಲಯ ಅಮಾವಾಸ್ಯೆಗೆ ಎರಡೇ ದಿನವಿರುವಾಗ, ತಿರುವಿನಲ್ಲಿ, ರಸ್ತೆಗೆ ಅಡ್ಡಲಾಗಿ ಯಾರೋ ಬಿಳಿ ಗೆರೆ ಬರೆದಿಟ್ಟರೆ ಯಾವ ಡ್ರೈವರೂ ಅದನ್ನು ಸಂಚಾರ ನಿಯಮವೆಂದುಕೊಳ್ಳುವುದಿಲ್ಲ. ಮಾಟವೆಂದೇ ತಿಳಿದು ಗಕ್ಕನೆ ಬ್ರೇಕು ಹಾಕಿದ. ಯಾರಾದರೂ ಬಂದು ಅಳಿಸಲಿ ಎಂದು ಉದ್ದನೆಯ ಹಾರ್ನ್ ಹೊಡೆದ.

ನಮ್ಮ ಕಡೆ ಹಾರ್ನ್ ಕೇಳಿದರೆ ಯಾರೂ ರಸ್ತೆ ಬಿಡುವುದಿಲ್ಲ, ರಸ್ತೆಗೆ ಬರುತ್ತಾರೆ. ಬಸ್ಸು ಯಾರಿಗೋ ಕಾಯುತ್ತಿದೆ ಎಂದರ್ಥ. ತಿಮ್ಮಪ್ಪಗೌಡರು ಅಂಗಿಯ ಒಂದೇ ತೋಳು ತೊಟ್ಟು ಓಡಿ ಬಂದರು. ಇನ್ನೊಬ್ಬರು ಕುಂಬಳಕಾಯಿ ಸಮೇತ ಬಂದರು. ಎಂದೂ ನಿಲ್ಲದ ಬಸ್ಸು ನಿಂತದ್ದನ್ನು ಕಂಡ ನನ್ನ ಅರವತ್ತು ಮಕ್ಕಳೂ ಸಾಲು ಮುರಿದು ಅದನ್ನು ಮುಟ್ಟಲು ನುಗ್ಗಿದವು. ನುಗ್ಗಿದ್ದು ಪಟ್ಟಿಯ ಮೇಲೆಯೇ. ಮೊದಲ ಬಾರಿಗೆ ನನ್ನ ಪಾಠ ಫಲಿಸಿತ್ತು! ನಡುರಸ್ತೆಯಲ್ಲಿ, ಬಸ್ಸಿನ ಮುಂದೆ, ಅರವತ್ತು ಮಕ್ಕಳು ಬಗ್ಗಿ ಬಗ್ಗಿ ಕಣ್ಣಿಗೊತ್ತಿಕೊಳ್ಳತೊಡಗಿದವು. ಬಾಬಣ್ಣನಿಗೆ ಉಳಿದಿದ್ದ ಅಷ್ಟಿಷ್ಟು ಅನುಮಾನವೂ ಹೋಯಿತು. ನಾನು ಎಡಬಲ ನೋಡದೆ ರಸ್ತೆಗೆ ಧುಮುಕಿದೆ.

"ಇದನ್ನ ಬರ್ದಿದ್ದು ಯಾರು?" ಎಂದು ಬಾಬಣ್ಣ ಕೇಳಿದ.

"ನಾನೇ. ಬರೀ ಸುಣ್ಣ ಮಾರಾಯ, ಗಾಡಿ ಬಿಡು."

"ನೀವು ಬರ್ದಿದ್ದು, ನೀವೇ ಅಳ್ಸಿ."

ಮುಂದಿನ ಸೀಟಿನಿಂದ ಇಳಿದ ಇನ್‌ಸ್ಪೆಕ್ಟರ ಎದುರೇ ನಾನು ಪೊರಕೆ ಹಿಡಿದು ರಸ್ತೆ ಗುಡಿಸಿದೆ. ಅವರು ಪಾಠ ನೋಡಲಿಲ್ಲ, ಇಷ್ಟು ನೋಡಿದ್ದೇ ಸಾಕು ಎಂದರು. ಶಾಲೆಯ ಪುಸ್ತಕದಲ್ಲಿ "ಇವರನ್ನು ಇನ್ನೂ ಒಂದು ವರ್ಷ ನೋಡತಕ್ಕದ್ದು" ಎಂದು ಬರೆದು ಹೋದರು.

ಸುಣ್ಣದ ಕಲೆ ಪೂರ್ತಿ ಹೋಗಲಿಲ್ಲ. ಬಾಬಣ್ಣ ಅಂದಿನಿಂದ ದಿನವೂ ಅಲ್ಲಿ ಬಸ್ಸು ನಿಲ್ಲಿಸಿ, ಕೈಮುಗಿದು, ನಡೆಯುವ ವೇಗದಲ್ಲಿ ಮುಂದೆ ಹೋಗತೊಡಗಿದ. ನಿಂತ ಬಸ್ಸನ್ನು ಮುಟ್ಟುವುದರಲ್ಲಿ ಪರಾಕ್ರಮವೇನಿದೆ? ವಾರದೊಳಗೆ ಮಕ್ಕಳಿಗೆ ಬೇಸರ ಬಂತು. ನಾಗವೇಣಿ ಬಸ್ಸಿನ ಕಡೆ ತಿರುಗಿಯೂ ನೋಡದೆ ಕುಂಟಾಬಿಲ್ಲೆ ಆಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಮಾಧಾನವಾಗುತ್ತಿತ್ತು. ಜನರೂ ಮೋರಿ ಬಿಟ್ಟು ಅಲ್ಲೇ ಹತ್ತತೊಡಗಿದರು. ಬಸ್ಸಿನ ಮಾಲೀಕರು ಅಲ್ಲಿ ಬಸ್ ಸ್ಟಾಪ್ ಎಂದು ಒಂದು ಬೋರ್ಡು ನೆಡಿಸಿದರು.

ದೀಪಾವಳಿಗೆ ಸಾಗರಕ್ಕೆ ಹೋದೆವು. ಎಲೆಯ ಮುಂದೆ ಕೂತಾಗ ಮಾವನವರು ಗಂಟಲು ಸರಿಮಾಡಿಕೊಂಡರು.

"ಅಳಿಯಂದ್ರ ಕೆಲಸ ಇನ್ನೂ ಖಾಯಂ ಆಗಿಲ್ಲ ಅಂತ ಬಸ್ಸಲ್ಲಿ ಯಾರೋ ಹೇಳ್ತಿದ್ರು. ಹೌದಾ?"

ನಾನು ತುತ್ತು ನುಂಗುವಷ್ಟರಲ್ಲಿ ಸಾವಿತ್ರಿ ಉತ್ತರಿಸಿದಳು.

"ಇವ್ರದ್ದು ಆಗ್ಲಿಲ್ಲ ಅಪ್ಪಯ್ಯ. ಇವ್ರ ದೆಸೆಯಿಂದ ಬಸ್ ಸ್ಟಾಪು ಖಾಯಂ ಆಯ್ತು."

ಅತ್ತೆಯವರು ಹೋಳಿಗೆ ಬಡಿಸುತ್ತ ಬಂದರು. ನಾನು ಮರ್ಯಾದೆಗೆ ಸಾಕು ಎಂದೆ. ಮದುವೆಯಾದ ಮೇಲೆ ಮೊದಲ ಬಾರಿಗೆ, ಯಾರೂ ಒತ್ತಾಯ ಮಾಡಲಿಲ್ಲ.